ತಕರಾರಪ್ಪನವರಿಗೊಂದು ತಕರಾರು

ಸೇತುವೆ ಯೋಜನೆಯ ಕಚೇರಿಯಲ್ಲಿ ಎಲ್ಲರೂ ನಗುನಗುತ್ತಾ ಕೆಲಸ ಮಾಡುತ್ತಿದ್ದುದೇ ತಕರಾರಪ್ಪನವರ ಕುತ್ತಿಗೆಗೆ ಬಂತು.

ಅವರ ಹುದ್ದೆಯೇ ತಕರಾರು ಬಗೆಹರಿಸುವುದು. ಹಿಂದಿನ ಯೋಜನೆಗಳಲ್ಲಿ ಗುತ್ತಿಗೆದಾರನೂ ನಕ್ಷೆಯ ಎಂಜಿನಿಯರೂ ನಾಯಿ ಬೆಕ್ಕಿನ ಹಾಗೆ ಕಚ್ಚಾಡುತ್ತಿದ್ದರು. ಇವರು ನಡುವೆ ಕುರ್ಚಿ ಹಾಕಿಕೊಂಡು ಮಹಾರಾಜರಂತೆ ಕೂರುತ್ತಿದ್ದರು. ಈ ಸಲದ ಒಪ್ಪಂದವೇ ಬೇರೆ. ಟೆಂಡರಿನಲ್ಲಿ ಕಡಿಮೆ ದರ ಬರೆದವನನ್ನು ಹಿಡಿದು ತರುವ ಬದಲು, ಮೊದಲ ದಿನದಿಂದಲೇ ಎಲ್ಲರೂ ಒಂದೇ ಮೇಜಿನ ಸುತ್ತ. ಲಾಭ ಎಲ್ಲರದು, ನಷ್ಟವೂ ಎಲ್ಲರದು. ಯಾರೂ ಯಾರತ್ತಲೂ ಬೆರಳು ತೋರಿಸುವ ಹಾಗಿಲ್ಲ. ತಾನಾಗಿ ತಪ್ಪು ಒಪ್ಪಿಕೊಂಡವರ ಫೋಟೊ ಗೋಡೆಗೆ ಹಾಕಿ ಚಪ್ಪಾಳೆ ಬೇರೆ!

"ಸಂಜೆ ವರದಿ ಕಳಿಸ್ಬೇಕು," ಎಂದರು ಯೋಜನೆಯ ಮುಖ್ಯಸ್ಥೆ. "ಇಲ್ಲೀವರೆಗೆ ಒಂದು ತಕರಾರೂ ಬಂದಿಲ್ಲ. ನಿಮ್ಮ ಹುದ್ದೆ ತೆಗೆದುಬಿಡಿ ಅಂತ ಬರೀತೀನಿ. ಬೇಜಾರು ಮಾಡ್ಕೋಬೇಡಿ."

ತಕರಾರಪ್ಪನವರ ಮನೆಯಲ್ಲಿ ಕೆಲಸವಿಲ್ಲದ ಭಾಮೈದ ಒಬ್ಬ ಆಗಲೇ ಸೋಫಾ ಹಿಡಿದು ಮಲಗಿದ್ದ. ಮಧ್ಯಾಹ್ನ ಭಾವನಿಗೆ ಊಟದ ಡಬ್ಬಿ ತಂದುಕೊಡುವುದೊಂದೇ ಅವನ ಉದ್ಯೋಗ. "ನಿನ್ನ ತಮ್ಮ ಅದಕ್ಕೇ ಲಾಯಕ್ಕು," ಎಂದು ಹೆಂಡತಿಯನ್ನು ದಿನವೂ ಹಂಗಿಸುತ್ತಿದ್ದವರು ಇವರೇ. ಆ ಸೋಫಾದಲ್ಲಿ ಇಬ್ಬರಿಗೆ ಜಾಗವಿರಲಿಲ್ಲ.

ಸಂಜೆಯೊಳಗೆ ಒಂದು ಜಗಳ ಹುಟ್ಟಲೇಬೇಕು. ಮೊದಲು ಗುತ್ತಿಗೆದಾರನ ಕಿವಿಯಲ್ಲಿ ಊದಿದರು: "ನಿಮ್ಮ ಕಂಬ ಸೊಟ್ಟ ಅಂತಿದ್ದ, ಆ ನಕ್ಷೆಯವನು."

ಗುತ್ತಿಗೆದಾರ ನೆಟ್ಟಗೆ ಹೋಗಿ ನಕ್ಷೆಯವನ ಕೈ ಹಿಡಿದುಕೊಂಡ. "ಹೇಳಿದ್ದು ಒಳ್ಳೇದಾಯ್ತು ಕಣ್ರೀ. ಬನ್ನಿ, ಇಬ್ರೂ ಅಳೆದು ನೋಡೋಣ." ಏನೂ ಹೇಳಿರದ ನಕ್ಷೆಯವನೂ ಖುಷಿಯಾಗಿ ಹೊರಟ. ಕಂಬ ನೆಟ್ಟಗಿತ್ತು. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹಿಂದಿರುಗಿದರು.

ಮಧ್ಯಾಹ್ನ ಕೋಣೆ ಖಾಲಿಯಾದಾಗ ತಕರಾರಪ್ಪ, ಗುತ್ತಿಗೆದಾರನ ಟೀ ಲೋಟವನ್ನು ನಕ್ಷೆಯ ಮೇಲೆ ಮೆಲ್ಲಗೆ ಉರುಳಿಸಿ, ಏನೂ ಅರಿಯದವರಂತೆ ಕಿಟಕಿಯ ಬಳಿ ನಿಂತರು.

"ಅಯ್ಯೋ, ನನ್ನ ತಪ್ಪು! ನಕ್ಷೆ ಹರಡಿ ಹಾಗೇ ಹೋಗ್ಬಿಟ್ಟೆ," ಎಂದ ಒಳಬಂದ ನಕ್ಷೆಯವನು. ತಕರಾರಪ್ಪ ಹಣೆ ಚಚ್ಚಿಕೊಂಡರು.

"ಲೋಟ ಇಟ್ಟೋನು ನಾನು. ತಪ್ಪು ನಂದು," ಎಂದ ಹಿಂದೆಯೇ ಬಂದ ಗುತ್ತಿಗೆದಾರ.

"ನಂದು ಅಂದ್ನಲ್ಲ!" ನಕ್ಷೆಯವನು ದನಿ ಏರಿಸಿದ.

"ನಿಮ್ಮ ಫೋಟೊ ಆಗ್ಲೇ ಗೋಡೆ ತುಂಬಾ ಇದೆ, ನಂದು ಒಂದೂ ಇಲ್ಲ. ನನ್ನ ತಪ್ಪು ಕಿತ್ಕೊಳ್ಳೋಕೆ ನೀವ್ಯಾರ್ರೀ?"

"ತಪ್ಪು ಮಾಡೋಕೂ ಯೋಗ್ಯತೆ ಬೇಕ್ರೀ!"

ಕೈ ಕೊರಳಪಟ್ಟಿಗೆ ಹೋಯಿತು. ಗದ್ದಲ ಕೇಳಿ ಮುಖ್ಯಸ್ಥೆ ಓಡಿ ಬಂದರು.

"ಮೇಡಂ, ತಕರಾರು!" ಎಂದು ತಕರಾರಪ್ಪ ಕುಣಿದಾಡಿದರು.

ಅಷ್ಟರಲ್ಲಿ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ ಭಾಮೈದ ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸಿದ. "ಸುಮ್ನೆ ಯಾಕ್ ಹೊಡೆದಾಡ್ತೀರಿ? ಚೆಲ್ಲಿದ್ದು ನಮ್ ಭಾವ. ಡಬ್ಬಿ ತಂದಾಗ ಬಾಗಿಲಿಂದ ನಾನೇ ಕಣ್ಣಾರೆ ನೋಡ್ದೆ."

ಎಲ್ಲರೂ ತಕರಾರಪ್ಪನವರತ್ತ ತಿರುಗಿದರು.

"ಅಂತೂ ತಕರಾರು ಹುಟ್ತು. ಹುದ್ದೆ ಉಳೀತು," ಎಂದರು ಮುಖ್ಯಸ್ಥೆ. ತಕರಾರಪ್ಪನವರಿಗೆ ಹೋದ ಜೀವ ಬಂದ ಹಾಗಾಯಿತು. "ಆದ್ರೆ ಈ ತಕರಾರಲ್ಲಿ ನೀವೂ ಒಬ್ಬ ಕಕ್ಷಿ. ಅದನ್ನ ನೀವೇ ಬಗೆಹರಿಸೋ ಹಾಗಿಲ್ಲ. ಎಲ್ರೂ ಒಪ್ಪೋ ನಿಷ್ಪಕ್ಷಪಾತಿ ಒಬ್ರು ಬೇಕು."

ಗುತ್ತಿಗೆದಾರ, ನಕ್ಷೆಯವನು ಇಬ್ಬರೂ ಭಾಮೈದನತ್ತ ಕೈ ತೋರಿ ಒಟ್ಟಿಗೇ ಕೂಗಿದರು: "ಸ್ವಂತ ಭಾವನ್ನೇ ಬಿಡ್ಲಿಲ್ಲ! ಇವರಿಗಿಂತ ಬೇಕಾ?"

ಸಂಜೆಯ ಹೊತ್ತಿಗೆ ಭಾಮೈದ ತಕರಾರಪ್ಪನವರ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಭಾವ, ನಾಳೆ ಮಧ್ಯಾಹ್ನ ನಿಮ್ಮ ವಿಚಾರಣೆ," ಎಂದ. "ಬರ್ತಾ ನನ್ನ ಡಬ್ಬಿ ತಗೊಂಡ್ಬನ್ನಿ."