ಅತ್ತೆಯ ಪಹಣಿಗೆ ಇಬ್ಬರು ಹೆಣ್ಣುಮಕ್ಕಳು

ನಮ್ಮ ಸೋದರತ್ತೆಯನ್ನು ಸಭೆಗೆ ಕರೆಯುವುದಕ್ಕಿಂತ ಜೇನುಗೂಡಿಗೆ ಕೈ ಹಾಕುವುದು ಮೇಲು ಎಂದು ಆಲ್ದೂರಿನಲ್ಲಿ ಒಂದು ಮಾತಿದೆ. ಹುಟ್ಟಿಸಿದವನು ನಾನೇ! ಮಕ್ಕಳಿಲ್ಲದ ಈ ಅತ್ತೆಯ ಮನೆಯಲ್ಲಿದ್ದು, ಬೈಗುಳ ತಿಂದುಕೊಂಡು ಅವರ ಸಣ್ಣ ಕಾಫಿ ತೋಟ ನೋಡಿಕೊಳ್ಳುವವನೂ ನಾನೇ.

ಫೋನಿನೊಳಗಿನ ಕೃತಕ ಬುದ್ಧಿಗೂ ಅತ್ತೆಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. "ಇವತ್ತು ಮಳೆ ಇಲ್ಲ" ಎಂದು ಅದು ಹೇಳಿದ್ದನ್ನು ನಂಬಿ ಕಣದಲ್ಲಿ ಕಾಫಿ ಹರವಿದರು. ಮಧ್ಯಾಹ್ನಕ್ಕೆ ಎಲ್ಲ ತೊಯ್ದು ತೊಪ್ಪೆ. ಸಂಜೆಯವರೆಗೂ ಫೋನಿಗೆ ಬೈದರು. ಅದು ಕ್ಷಮೆ ಕೇಳಿತು. "ನೋಡು, ಅದಕ್ಕಾದ್ರೂ ಮಾನ ಮರ್ಯಾದೆ ಇದೆ" ಎಂದು ನನ್ನತ್ತ ತಿರುಗಿದರು!

ಈಚೆಗೆ ಚಿಕ್ಕಮಗಳೂರಿನಲ್ಲಿ ದೊಡ್ಡ ಸಭೆ. ಕಾಡಂಚಿನ ಕ್ಯಾಮೆರಾಗಳು ಆನೆಯನ್ನು ತಾವೇ ಗುರುತಿಸಿ ಫೋನಿಗೆ ಮೆಸೇಜ್ ಕಳಿಸುತ್ತವಂತೆ. ವೇದಿಕೆಯ ಮೇಲೆ "ಎಲ್ಲರನ್ನೂ ಒಳಗೊಂಡ ಅಭಿವೃದ್ಧಿ" ಎಂಬ ಬ್ಯಾನರ್. ತೋಟದ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಇರುವ ಕೆಲಸದವರು ಕುರ್ಚಿ ಸಿಗದೆ ಬಾಗಿಲಾಚೆ ನಿಂತಿದ್ದರು.

ಅತ್ತೆ ಎದ್ದರು. "ಲೈನ್ ಮನೆ ಕೆಲಸದವ್ರಿಗೂ ಮೆಸೇಜ್ ಬರುತ್ತಾ?"

"ಜಮೀನಿನ ಪಹಣಿ ಇದ್ದೋರಿಗೆ ಮಾತ್ರ ಅಮ್ಮಾ. ನಿಯಮ" ಎಂದರು ಅಧಿಕಾರಿ.

"ಆನೆ ಪಹಣಿ ನೋಡ್ಕೊಂಡು ತುಳಿಯುತ್ತಾ ಮಾರಾಯ್ರೇ?"

ಸಭೆಯೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕರು. ನಿಯಮ ಮಾತ್ರ ಹಾಗೇ ಉಳಿಯಿತು. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಮೊದಲು ಕಾಲಿಡುವವರು ಯಾರು, ನಾವಾ? ನಾವು ಕಂಬಳಿಯೊಳಗೆ ಮಲಗಿ ಮೆಸೇಜ್ ಓದುವ ಜಾತಿ. ಥೂ!

ಅರ್ಜಿಯಲ್ಲಿ ಒಂದು ಪಹಣಿಗೆ ಮನೆಯವರ ಎರಡು ನಂಬರ್ ಎಂದಿತ್ತು. ಅತ್ತೆ ತಮ್ಮದನ್ನೂ ನನ್ನದನ್ನೂ ತೆಗೆಸಿ, ಲೈನಿನ ಗಿರಿಜಮ್ಮ ಮತ್ತು ಇನ್ನೊಬ್ಬ ಹೆಂಗಸಿನ ನಂಬರ್ ಹಾಕಿಸಿದರು.

"ಸಂಬಂಧ ಏನಂತ ಹಾಕ್ಲಿ ಅತ್ತೆ?"

"ಮಗಳು ಅಂತ ಹಾಕು."

"ಗಿರಿಜಮ್ಮ ನಿಮಗಿಂತ ದೊಡ್ಡೋಳು!"

"ಸ್ವಲ್ಪ ಬೇಗ ಹುಟ್ಟಿದ್ಲು ಅಂತ ಹಾಕು!"

ಕೊಯ್ಲು ಶುರುವಾಯಿತು. ಒಂದು ಬೆಳಗಿನ ಜಾವ ಅತ್ತೆ ಹಿತ್ತಲ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದರು. ಫೋನ್ ಬಡಿದುಕೊಂಡಿತು. ಗಿರಿಜಮ್ಮ!

"ಅಮ್ಮಾ, ಮೆಸೇಜ್ ಬಂದೈತೆ. ಬಾಗ್ಲು ತೆಗೀಬೇಡಿ, ನಿಮ್ಮನೆ ಹಿಂದೇನೇ ಐತಂತೆ."

ಹಿತ್ತಲಲ್ಲಿ ಬಾಳೆ ಮುರಿಯುವ ಸದ್ದು ನಮಗೂ ಕೇಳಿತು.

ಮುಂದಿನ ವಾರ ಕಚೇರಿಯಿಂದ ಕರೆ ಬಂತು. ಆ ಇಬ್ಬರೂ ನಿಮ್ಮ ಮಕ್ಕಳಲ್ಲವೆಂದು ಕಂಪ್ಯೂಟರ್ ಪತ್ತೆ ಹಚ್ಚಿದೆ, ನಂಬರ್ ತೆಗೆದಿದ್ದೇವೆ ಎಂದರು. ಕತ್ತಲಲ್ಲಿ ಆನೆ ಹಿಡಿಯುವ ಬುದ್ಧಿಗೆ ಮುದುಕಿಯೊಬ್ಬಳ ಸುಳ್ಳು ಹಿಡಿಯುವುದೇನು ಕಷ್ಟ?

ಅತ್ತೆ ಈಗ ಬೈಯುತ್ತಾರೆ, ಆಗ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವಳು ಮಗಳಲ್ಲ ಅಂದ್ರೆ, ಅವತ್ತು ನನ್ನ ನೆನೆಸ್ಕೊಂಡು ಫೋನ್ ಮಾಡಿದ್ದು ಯಾರೋ?"