ಕಾಕಾನ ಕಾಮಿಕ್ಸ್ ವಿಮರ್ಶೆ

ನಮ್ಮ ಕಾಕಾನಷ್ಟು ಕಟ್ಟುನಿಟ್ಟಿನ ಕಾಮಿಕ್ಸ್ ವಿಮರ್ಶಕ ಇಡೀ ಗೋವಾದಲ್ಲಿ ಇನ್ನೊಬ್ಬ ಇರಲಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅವನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ ಎಂಬುದು ಸಣ್ಣ ವಿಷಯ. ವಿಮರ್ಶೆಗೂ ಓದಿಗೂ ಎಂದಾದರೂ ಸಂಬಂಧ ಇತ್ತೇ?

ಕಾಕಾ ಎಂದರೆ ನಮ್ಮಪ್ಪನ ತಮ್ಮ. ವಿಜಾಪುರದ ಕಡೆಯಿಂದ ಬಂದು ಚಿಂಬಲ್‌ನಲ್ಲಿ ನೆಲೆ ನಿಂತ ಗೌಂಡಿ. ಪಣಜಿಯ ಸುತ್ತಲಿನ ಅರ್ಧ ಕಟ್ಟಡಗಳಿಗೆ ತಾನೇ ಪ್ಲಾಸ್ಟರ್ ಮಾಡಿದ್ದು ಎಂದು ಹೇಳಿಕೊಳ್ಳುತ್ತಿದ್ದ. ಎರಡು ಸಾವಿರದ ಐದು-ಆರರ ಸುಮಾರಿಗೆ ಅವನಿಗೆ ಈ ಹುಚ್ಚು ಹತ್ತಿತು. ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ರದ್ದಿ ಮಾರುವ ಚಾಚಾ ಒಬ್ಬರಿದ್ದರು. ವಿದೇಶಿ ಪ್ರವಾಸಿಗರು ಬಿಟ್ಟುಹೋದ ಕಾಮಿಕ್ಸುಗಳೆಲ್ಲ ಅವರ ಗುಡ್ಡೆಗೆ ಬಂದು ಬೀಳುತ್ತಿದ್ದವು. ಅದರಲ್ಲಿ ಒಂದು ಸೂಪರ್‌ಹೀರೋ ಸರಣಿ ಕಾಕಾನ ಕಣ್ಣಿಗೆ ಬಿತ್ತು. ಹೀರೋನ ಇಂಗ್ಲಿಷ್ ಹೆಸರು ಅವನ ಬಾಯಲ್ಲಿ ನಿಲ್ಲಲಿಲ್ಲ. ಹಳದಿ ಗಂಬೂಟು ನೋಡಿ 'ಗಂಬೂಟಿನಾಂವ' ಎಂದು ತಾನೇ ನಾಮಕರಣ ಮಾಡಿದ.

"ನಮ್ಮ ಪೈಕೀನ ಅದಾನ. ಸ್ಲ್ಯಾಬ್ ಹಾಕೋ ಮಂದೀನ ಇಂಥಾ ಗಂಬೂಟ ಹಾಕೋದು," ಎಂದ.

ಪ್ರತಿ ರವಿವಾರ ಬೆಳಿಗ್ಗೆ ಚಹಾದ ಜೊತೆ ವಿಮರ್ಶೆ ಶುರು. ಹತ್ತನೇ ಪಾಸಾಗಿ ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ನಾನೇ ಮನೆಗೆಲ್ಲ ಇಂಗ್ಲಿಷ್ ಪಂಡಿತೆ. ಪಾತ್ರಗಳ ಬಾಯಿಂದ ಹೊರಡುವ ಬಲೂನುಗಳಲ್ಲಿ ಏನು ಬರೆದಿದೆ ಎಂದು ನಾನು ಹೇಳಬೇಕು. ಅವನ ಹೆಂಡತಿ ಕಾಕು ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿಯಬೇಕು. ಕಾಕಾ ತನ್ನ ತೂಗುಗುಂಡಿನ ದಾರವನ್ನು ಪುಟದ ಮೇಲೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಚಿತ್ರದಲ್ಲಿನ ಕಟ್ಟಡ ನೆಟ್ಟಗಿದೆಯೋ ಇಲ್ಲವೋ ನೋಡುವನು!

"ಇದರಾಗ ಏನೈತಿ ಅಂತ ನೋಡ್ತೀರಿ? ಒಂದಿನ ಎಲ್ಲಾ ಒಲಿಗೆ ಹಾಕ್ತೇನಿ," ಎನ್ನುತ್ತಿದ್ದಳು ಕಾಕು, ಕೈ ಸೋತು.

ಒಂದು ಸಂಚಿಕೆಯಲ್ಲಿ ಗಂಬೂಟಿನವ ತನ್ನ ಹುಡುಗಿಯೊಡನೆ ಎತ್ತರದ ಮಾಳಿಗೆಯ ಮೇಲೆ ನಿಂತು ಅಳುತ್ತಿದ್ದ.

"ಏನಂತಾನ?" ಎಂದ ಕಾಕಾ.

"ಇನ್ನ ಮ್ಯಾಲೆ ನಾವು ಭೇಟಿ ಆಗೂದು ಬ್ಯಾಡ ಅಂತಾನ, ಕಾಕಾ."

"ಮಾಳಿಗಿಗೆ ಸುತ್ತ ಕಟ್ಟೀನ ಇಲ್ಲ. ಹಿಂಗ ಅಳಕೋತ ಎರಡು ಹೆಜ್ಜಿ ಹಿಂದ ಸರದ್ರ ಇಬ್ರೂ ಕೆಳಗ. ನಾಪಾಸ್."

ಇನ್ನೊಂದು ಸಂಚಿಕೆಯಲ್ಲಿ ಮೂರು ಕಂಬ ಮುರಿದರೂ ಕಟ್ಟಡ ನಿಂತೇ ಇತ್ತು. ಅದೂ ನಾಪಾಸು. ಹೀಗೆ ವರ್ಷವಿಡೀ ಒಂದೂ ಸಂಚಿಕೆ ಪಾಸಾಗಲಿಲ್ಲ, ಕಾಕಾ ಕೊಳ್ಳುವುದನ್ನೂ ಬಿಡಲಿಲ್ಲ.

ಒಮ್ಮೆ ಮಾತ್ರ ಪೇಚಿಗೆ ಬಂತು. ಎರಡು ಪುಟದ ತುಂಬ ಒಂದು ಕಟ್ಟಡ ಕುಸಿಯುತ್ತಿತ್ತು. ಕಾಕಾ ಚಿತ್ರದ ಕೆಳಗಿನ ಮೂಲೆಗೆ ಮೂಗು ತಾಗಿಸಿ ಹುಡುಕಿದ.

"ಕೆಳಗ ಮಂದಿ ಇದ್ರಲ್ಲ, ಅವರೇನಾದ್ರು?"

ನಾನು ಬಲೂನುಗಳನ್ನೆಲ್ಲ ಜಾಲಾಡಿದೆ. ಗಂಬೂಟಿನವ ಬರೀ ತನ್ನ ಬಡಾಯಿ ಕೊಚ್ಚಿಕೊಳ್ಳುತ್ತಿದ್ದ. ಮುಂದಿನ ಪುಟದಲ್ಲಿ ಅವನಿಗೆ ಹಾರ ತುರಾಯಿ! ಕಾಕಾ ಚಹಾದ ಕಪ್ಪು ಕೆಳಗಿಟ್ಟ. ಅವನ ಮುಖ ನೋಡಲಾಗದೆ ನಾನು, "ಎಲ್ಲಾರೂ ಮೊದಲ ಹೊರಗ ಬಂದಿದ್ರಂತ, ಕಾಕಾ. ಇಲ್ಲೇ ಬರದಾರ ನೋಡು," ಎಂದುಬಿಟ್ಟೆ. ಕಪ್ಪು ಮತ್ತೆ ಮೇಲೆದ್ದಿತು. ಅಂದಿನಿಂದ ಬೀಳುವ ಕಟ್ಟಡಗಳನ್ನೆಲ್ಲ ಖಾಲಿ ಮಾಡಿಸುವ ಹೊಣೆ ನನ್ನದಾಯಿತು. ಗಂಬೂಟಿನವನಿಗಿಂತ ಹೆಚ್ಚು ಜೀವ ಉಳಿಸಿದವಳು ನಾನು.

ಆಮೇಲೆ ಮಳೆಗಾಲದ ಒಂದು ಶುಕ್ರವಾರ ಬಂತು. ನನಗೆ ಅಂದು ರಜೆ. ಮಧ್ಯಾಹ್ನ ಪಕ್ಕದ ಮನೆಯವರ ಮೊಬೈಲಿಗೆ ಸುದ್ದಿ ಬಂತು: ಮ್ಹಾಪಸಾ ರಸ್ತೆಯಲ್ಲಿ ಕಾಕಾ ಕೆಲಸ ಮಾಡುತ್ತಿದ್ದ ಕಟ್ಟಡದ ಸ್ಲ್ಯಾಬ್ ಕುಸಿದಿದೆ. ನಾನು, ಕಾಕು ಸಿಕ್ಕ ಬಸ್ಸು ಹತ್ತಿ ಓಡಿದೆವು. ಊಟದ ಹೊತ್ತಾದ್ದರಿಂದ ಕೆಲಸದವರೆಲ್ಲ ತಗಡಿನ ಶೆಡ್ಡಿನಲ್ಲಿದ್ದು ಪಾರಾಗಿದ್ದರು. ಕಾಕಾ ಒಬ್ಬನೇ ಇರಲಿಲ್ಲ. ಉಂಡ ಮೇಲೆ ಅದೇ ಸ್ಲ್ಯಾಬಿನ ಕೆಳಗೆ ಸಿಮೆಂಟಿನ ಚೀಲ ಹಾಸಿ ಮಲಗುವುದು ಅವನ ರೂಢಿ ಎಂದು ಎಲ್ಲರಿಗೂ ಗೊತ್ತಿತ್ತು. ಆಳುಗಳು ಹಾರೆ ಹಾಕಿ ಕಾಂಕ್ರೀಟು ಸರಿಸುತ್ತಿದ್ದರು. ಅವನ ಊಟದ ಡಬ್ಬಿ ಸಿಕ್ಕಿತು. ಕಾಕು ಅದನ್ನು ಎದೆಗೆ ಒತ್ತಿಕೊಂಡು ಕೆಸರಲ್ಲೇ ಕುಳಿತಳು.

ಆಗ ಮ್ಹಾಪಸಾ ಕಡೆಯಿಂದ ಬಸ್ಸೊಂದು ಬಂದು ನಿಂತಿತು. ಇಳಿದವನು ಕಾಕಾ! ಬಗಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹೊಸ ಸಂಚಿಕೆ. ಅಷ್ಟು ಚಂದದ ಬಸ್ಸನ್ನು ನಾನು ಇಂದಿಗೂ ಕಂಡಿಲ್ಲ. ಉಂಡವನೇ ಯಾರಿಗೂ ಹೇಳದೆ ಸಂತೆಗೆ ಹೋಗಿದ್ದನಂತೆ. ಬೇಗ ಬಂದು ಎಂದಿನಂತೆ ಸ್ಲ್ಯಾಬಿನ ಕೆಳಗೆ ಮಲಗುತ್ತಿದ್ದನೋ ಏನೋ, ಅಲ್ಲಿ ಚಾಚಾನೊಂದಿಗೆ ಜಗಳ ಬಿದ್ದಿತ್ತು.

"ಕೊನೀ ಹಾಳೀನ ಇಲ್ಲಲ್ರೀ, ಚಾಚಾ?"

"ಎಲ್ಲಾ ಹಾಳಿ ಇದ್ರ ರದ್ದಿಗ್ಯಾಕ ಬರ್ತಿತ್ರಿ?"

ಆ ಹಾಳೆ ಹರಿದ ಪುಣ್ಯಾತ್ಮ ಎಲ್ಲೇ ಇರಲಿ, ತಣ್ಣಗಿರಲಿ.

ಕಾಕು ಎದ್ದು ಹೋಗಿ ಆ ಕಾಮಿಕ್ಸನ್ನೇ ಕಿತ್ತುಕೊಂಡು ಅವನ ಬೆನ್ನಿಗೆ ಎರಡು ಬಾರಿಸಿದಳು. ಆಮೇಲೆ ಅವನ ಅಂಗಿ ಹಿಡಿದು ಅತ್ತಳು. ಕಾಕಾನ ಕಣ್ಣು ಮಾತ್ರ ಕುಸಿದ ರಾಶಿಯ ಮೇಲಿತ್ತು.

"ಕೆಳಗ ಮಂದಿ ಇದ್ರೇನು?"

"ಯಾರೂ ಇದ್ದಿದ್ದಿಲ್ಲ, ಕಾಕಾ. ಎಲ್ಲಾರೂ ಹೊರಗ ಇದ್ರು."

ಅವನು ನನ್ನ ಕಡೆ ತಿರುಗಿದ. "ಖರೇನ ಹೇಳಾಕತ್ತಿಯೇನು? ಇಲ್ಲಾ ರವಿವಾರ ಓದಿದಂಗ ಓದಾಕತ್ತಿಯೇನು?"

ಅಂದರೆ ಇಷ್ಟು ದಿನವೂ ಅವನಿಗೆ ಗೊತ್ತಿತ್ತು! ಕಾಕಾ ಶೆಡ್ಡಿಗೆ ಹೋದ. ಅಲ್ಲಿದ್ದ ಒಬ್ಬೊಬ್ಬರ ಹೆಗಲನ್ನೂ ಮುಟ್ಟಿ ನೋಡಿದ, ಒಬ್ಬರನ್ನೂ ಬಿಡಲಿಲ್ಲ. ಹಿಂತಿರುಗಿ ಬಂದು ನನ್ನ ತಲೆಯ ಮೇಲೆ ಕೈ ಇಟ್ಟ.

"ಇವತ್ತ ಖರೇ ಓದಿದಿ, ಯವ್ವಾ," ಎಂದ.