ತಲೆಕೆಳಗಾದ ಆಕ್ಸೆಲ್

ಮದುವೆಯಾಗಿ ಇಪ್ಪತ್ತಾರು ವರ್ಷ ಕಳೆದ ಗಂಡಸಿಗೆ ಎಷ್ಟು ವಿಶ್ರಾಂತಿಯೂ ಸಾಲದು ಅನ್ನಿಸಬೇಕು. ನನಗೆ ಹುಚ್ಚು ಹಿಡಿಯಿತು. ಹಾಟ್ ರಾಡ್ ಹುಚ್ಚು. ಹಳೇ ಗಾಡಿಯನ್ನು ಬಿಚ್ಚಿ, ನೆಲಕ್ಕೆ ತಗ್ಗಿಸಿ, ಗುಡುಗುಡು ಓಡಿಸುವುದಕ್ಕೆ ಹಾಗೆನ್ನುತ್ತಾರಂತೆ. ಬೆಟಗೇರಿಯ ನಮ್ಮ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತ ಜೀಪೊಂದಿತ್ತು.

“ಹಾಟ್ ರಾಡ್ ಅಂದ್ರ ಕಾಸಿದ ಸಳಿ ಅಲ್ಲೇನ್ರಿ? ಮೈಮ್ಯಾಲ ಬರಿ ಎಳಕೊಳ್ಳಾಕ ಇಷ್ಟೆಲ್ಲಾ ಖಟಪಟಿ ಯಾಕ?” ಎಂದಳು ರಂಜನಾ, ನನ್ನ ಧರ್ಮಪತ್ನಿ.

ಜೀಪಿನ ಹಿಂದಿನ ಆಕ್ಸೆಲ್ ಮುರಿದಿತ್ತು. ರಹಮಾನಸಾಬರ ಗುಜರಿಯಲ್ಲಿ ಒಂದು ಸಿಕ್ಕಿತು, ಬೆರಳುದಪ್ಪ ಗ್ರೀಸಿನ ಸಮೇತ.

“ಜೀಪಿಂದರಿ ಪ್ರಲ್ಹಾದಣ್ಣಾರ, ಖರೇನ” ಎಂದರು ಸಾಬರು. (ಹೋದ ವಾರ ಅದನ್ನೇ ಇನ್ನೊಬ್ಬರಿಗೆ ಟೆಂಪೋದ್ದು ಎಂದಿದ್ದರು.)

ಜೀಪಿನದೋ ಟೆಂಪೋದ್ದೋ ಎಂಬ ಪರೀಕ್ಷೆ ಮನೆಯಲ್ಲೇ ನಡೆಯಿತು. ಗಾಲಿ ಕೂಡ್ರುವ ಡ್ರಮ್ಮಿಗೆ ಸುಣ್ಣದ ಗೆರೆ ಎಳೆದು, ಎಂಜಿನ್ ಕಡೆಯ ಮೂತಿಯನ್ನು ತಿರುವಬೇಕು. ಡ್ರಮ್ಮು ಒಂದು ಸುತ್ತು ಬರುವಷ್ಟರಲ್ಲಿ ಮೂತಿ ಎಷ್ಟು ಸುತ್ತು ತಿರುಗಿತೋ ಅದೇ ಆಕ್ಸೆಲ್ಲಿನ ಜಾತಕ. ನಾನು ಎಣಿಸಿದಾಗ ಒಮ್ಮೆ ಮೂರು ಬಂತು, ಇನ್ನೊಮ್ಮೆ ಒಂಬತ್ತು. ರಂಜನಾ ನೇಕಾರರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಲೇ ಬೆಳೆದವಳು. ಒಂದೇ ಸಲ ನೋಡಿ, “ಐದು ಸುತ್ತು, ಮ್ಯಾಲ ಅರ್ಧಕ್ಕ ಚೂರು ಕಡಿಮಿ” ಎಂದಳು. ಜೀಪಿನ ಪುಸ್ತಕದಲ್ಲೂ ಅಷ್ಟೇ ಬರೆದಿತ್ತು.

ಒಂದೇ ತೊಡಕು. ಯಾರೋ ಪುಣ್ಯಾತ್ಮ ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಕಮಾನುಪಟ್ಟಿ ಕೂಡ್ರುವ ಜಾಗವನ್ನು ಆಕ್ಸೆಲ್ಲಿನ ಮೇಲ್ಗಡೆ ಬೆಸೆದಿದ್ದ. ಹಾಗೇ ಕೂಡಿಸಿದರೆ ಗಾಡಿ ತಗ್ಗುವುದಿಲ್ಲ. ಕಿತ್ತು ಮತ್ತೆ ಬೆಸೆಯಲು ಬೇಸರವಾಗಿ ಇಡೀ ಆಕ್ಸೆಲ್ಲನ್ನೇ ಬುಡಮೇಲು ಮಾಡಿ ಕೂಡಿಸಿದೆ.

“ರೀ, ಬುಡ ಮ್ಯಾಲ ಮಾಡಿದ್ರ ಗಾಲಿ ಉಲ್ಟಾ ತಿರಗಂಗಿಲ್ಲೇನು?”

“ಲೇ, ಗುಂಡಂದು ಹೆಂಗ ಇಟ್ರೂ ಗುಂಡನ! ನೀ ಒಳಗ ನಡಿ.”

ಕುರ್ತಕೋಟಿಯಲ್ಲಿ ಅವಳ ತಮ್ಮನ ಮಗಳಿಗೆ ಹೆಸರಿಡುವ ದಿನ ನಮ್ಮ ರಥದ ಪ್ರಥಮ ದಿಗ್ವಿಜಯ. ಓಣಿಯೆಲ್ಲ ನೆರೆದಿತ್ತು. ಮೊದಲ ಗೇರ್ ಹಾಕಿದೆ. ಗಾಡಿ ಸರ್ರನೆ ಹಿಂದೆ ಹೋಗಿ, ಎದುರುಮನೆಯವರು ಬಣ್ಣ ಹಾಕಿ ಒಣಗಿಸಿದ್ದ ನೂಲಿನ ಲಡಿಗಳೊಳಗೆ ನುಗ್ಗಿತು. ಎರಡನೆಯ ಗೇರ್ ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ! ರಿವರ್ಸ್ ಹಾಕಿದರೆ ಮಾತ್ರ ಮುಂದಕ್ಕೆ, ಅದೂ ಎಮ್ಮೆಯ ಗತ್ತಿನಲ್ಲಿ.

ನೂಲಿನವರಿಗೆ ಕೈಮುಗಿದು ರಿವರ್ಸಿನಲ್ಲೇ ಮುಂದಕ್ಕೆ ಹೊರಟೆವು. ಮಲ್ಲಸಮುದ್ರದ ಹತ್ತಿರ ಎಂಜಿನ್ ಕುದಿಯತೊಡಗಿತು.

“ಆ ಕೂಸು ಸಾಲಿಗೆ ಹೋಗೂದ್ರಾಗರ ಮುಟ್ಟತೀವೇನ್ರಿ?” ಕೇಳಿದಳು ರಂಜನಾ.

ಸ್ವಾಭಿಮಾನ ಕೆರಳಿತು. ಗಾಡಿಯ ಬೆನ್ನನ್ನು ಕುರ್ತಕೋಟಿಯ ಕಡೆ ಮಾಡಿ, ಎಡಭುಜದ ಮೇಲೆ ಕತ್ತು ಹೊರಳಿಸಿ, ಹಿಂದುಹಿಂದಾಗಿಯೇ ಓಡಿಸಿದೆ. ಗಾಡಿ ಊರು ಮುಟ್ಟಿತು, ಕತ್ತು ಮಾತ್ರ ವಾಪಸು ಬರಲಿಲ್ಲ.

ಸಮಾರಂಭದಲ್ಲಿ ಅತ್ತೆ ತಿಪ್ಪವ್ವನವರು ಕೂತದ್ದು ನನ್ನ ಬಲಗಡೆ. “ಅಳಿಯಂದ್ರು ಬಂದಾಗಿಂದ ಮಾರಿ ತಿರುವಿ ಕುಂತಾರ. ನಮ್ಮಿಂದ ಏನ್ ತಪ್ಪಾತವ್ವಾ?” ಎಂದು ಸೆರಗು ಕಣ್ಣಿಗೆ ಹಚ್ಚಿದರು.

“ಕುತ್ತಿಗಿ ಹಿಡದೈತ್ರಿ, ಅತ್ತಿ” ಎಂದೆ ನಾನು, ಗೋಡೆಗೆ.

ಯಾರೂ ನಂಬಲಿಲ್ಲ. ಬೀಗರು ನಾಲ್ವರು ಬಂದು, ಸಮಾಧಾನ ಹೇಳುತ್ತಲೇ ನನ್ನನ್ನು ಕುರ್ಚಿ ಸಮೇತ ಎತ್ತಿ ತಿರುಗಿಸಿದರು. ಈಗ ನನ್ನ ಮುಖ ನೇರ ಅತ್ತೆಯವರ ಮುಖಕ್ಕೆ ಬಂತು.

“ಈಗ ನೋಡ್ರಿ, ಸಿಟ್ಟು ಇಳೀತು!” ಎಂದು ತಿಪ್ಪವ್ವ ಬಾಯ್ತುಂಬ ನಕ್ಕರು.

ಬೆನ್ನ ಹಿಂದೆ ರಂಜನಾ ಕಿಸಕ್ಕೆಂದದ್ದು ಕೇಳಿಸಿತು. ತಿರುಗಿ ಗುರಾಯಿಸುವ ಯೋಗ ಎಂಟು ದಿನ ಕೂಡಿಬರಲಿಲ್ಲ.